ಓದುಗರ ಪ್ರಶ್ನೆ: ಮನೆಯ ಹತ್ತಿರದ ಗೂಬೆಗಳ ಚಿತ್ರ ತೆಗೆಯುವುದು

ಹಕ್ಕಿಗಳ ಛಾಯಾಗ್ರಹಣದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿಕೊಂಡಿದ್ದೆವು. ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತೋಟದ ಮತ್ತು ಮನೆಯಂಗಳದ ಗೂಬೆಗಳನ್ನು ಕುರಿತವಾದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆ ಕಾಫಿ ತೋಟದ ನಡುವೆ ಇದೆ. ಅಂಗಳದಿಂದ ಸುಮಾರು 30 ಮೀಟರ್ ದೂರದ ಹಳೆಯ ಹಲಸಿನ ಮರದ ಪೊಟರೆಯಲ್ಲಿ ಒಂದು ಜೋಡಿ ಸಣ್ಣ ಗೂಬೆಗಳು ನಾಲ್ಕು ವರ್ಷಗಳಿಂದ ಇವೆ. ಕಳೆದ ವರ್ಷ 100–400 ಮಿ.ಮೀ. ಲೆನ್ಸ್ ಕೊಂಡೆ. ಆದರೂ ಚಿತ್ರದಲ್ಲಿ ಹಕ್ಕಿ ಕಪ್ಪು ಮುದ್ದೆಯಂತೆ ಬರುತ್ತದೆ, ಇಲ್ಲವೇ ನಾನು ಕ್ಯಾಮೆರಾ ಎತ್ತುವ ಮೊದಲೇ ಹಾರಿಹೋಗುತ್ತದೆ. ವರ್ಷದ ಯಾವ ಕಾಲದಲ್ಲಿ, ಹೇಗೆ ಪ್ರಯತ್ನಿಸಬೇಕು?
– ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಮೊದಲು ನಿಮ್ಮ ಗೂಬೆ ಯಾವುದೆಂದು ತಿಳಿದುಕೊಳ್ಳಿ, ಏಕೆಂದರೆ ಅದರ ದಿನಚರಿ ಅದರ ಜಾತಿಯನ್ನು ಅವಲಂಬಿಸಿದೆ. ಮನೆಯ ಆಸುಪಾಸಿನಲ್ಲಿ ಕಾಣುವ ಗೇಣುದ್ದದ ಗೂಬೆಗಳಲ್ಲಿ ಎರಡು ಮುಖ್ಯವಾದವು. ಬೂದುಗಂದು ಮೈಯ ಮೇಲೆ ಬಿಳಿಯ ಚುಕ್ಕೆಗಳು, ಕಣ್ಣಿನ ಮೇಲೆ ಬಿಳಿಯ ಹುಬ್ಬು ಇದ್ದರೆ ಅದು ಹಾಲಕ್ಕಿ. ಇದು ಕುಶಾಲನಗರದ ಕಡೆಯ ಬಯಲು, ಊರ ಮರಗಳು, ಹಳೆಯ ಕಟ್ಟಡಗಳನ್ನು ಹೆಚ್ಚು ಇಷ್ಟಪಡುತ್ತದೆ. ಚುಕ್ಕೆಗಳಿಲ್ಲದೆ ತಲೆಯಿಂದ ಬಾಲದವರೆಗೂ ಒತ್ತಾದ ಅಡ್ಡಗೆರೆಗಳಿದ್ದು, ತಲೆ ಉರುಟಾಗಿ ಕಂಡರೆ ಅದು ಕಾಡು ಹಾಲಕ್ಕಿ. ನಮ್ಮ ಪಶ್ಚಿಮ ಘಟ್ಟದ ಕಾಡು ಹಾಲಕ್ಕಿಯ ತಲೆ ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ. ನೆರಳು ಮರಗಳಿರುವ ತೋಟದ ನಡುವೆ ಎಂದು ನೀವು ಬರೆದಿರುವುದರಿಂದ ನಿಮ್ಮದು ಎರಡನೆಯದೇ ಇರಬಹುದೆಂದು ನನ್ನ ಊಹೆ. ಕಾಡು ಹಾಲಕ್ಕಿ ಹಗಲಿನಲ್ಲಿಯೂ ಸಾಕಷ್ಟು ಓಡಾಡುವ ಹಕ್ಕಿ. ಮೋಡ ಕವಿದ ದಿನ ಬೆಳಿಗ್ಗೆ ಹತ್ತು ಗಂಟೆಗೂ ಅದರ ಕೂಗು, ನಿಧಾನವಾಗಿ ಆರಂಭವಾಗಿ ಬರಬರುತ್ತಾ ವೇಗವಾಗುವ ಆ ಕೂಗು, ಕೇಳಿಸುತ್ತದೆ. ಹೀಗಾಗಿ ಚಿತ್ರ ತೆಗೆಯುವವರಿಗೆ ಇಷ್ಟು ಅನುಕೂಲವಾದ ಗೂಬೆ ಇನ್ನೊಂದಿಲ್ಲ.

ಇನ್ನು ಹಾರಿಹೋಗುವ ವಿಷಯ. ನಿಮ್ಮ ತೋಟದಲ್ಲಿ ಕಾಫಿ ಕೊಯ್ಯುವವರು ಅದೇ ಹಲಸಿನ ಮರದ ಬುಡದಲ್ಲಿ ಮಾತನಾಡುತ್ತಾ ಹಾದುಹೋಗುವಾಗ ಗೂಬೆ ಏನು ಮಾಡುತ್ತದೆಂದು ಒಂದು ದಿನ ದೂರದಿಂದ ಗಮನಿಸಿ ನೋಡಿ. ಹೆಚ್ಚಿನ ಸಲ ಅದು ಅಲುಗಾಡುವುದೇ ಇಲ್ಲ. ದಿನವೂ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ನಿಲ್ಲದೆ ಸಾಗುವ ಮನುಷ್ಯರಿಗೆ ಅದು ಒಗ್ಗಿ ಹೋಗಿರುತ್ತದೆ. ಅದಕ್ಕೆ ಭಯವಾಗುವುದು ನೇರವಾಗಿ ತನ್ನತ್ತ ನಡೆದು ಬಂದು, ನಿಂತು, ಮುಖವೆತ್ತಿ ದಿಟ್ಟಿಸುವವರನ್ನು ಕಂಡಾಗ, ಅಂದರೆ ನಮ್ಮಂಥವರನ್ನು ಕಂಡಾಗ. ಆದ್ದರಿಂದ ಮೊದಲ ಎರಡು ಮೂರು ವಾರ ಕ್ಯಾಮೆರಾ ಇಲ್ಲದೆ ಅದೇ ದಾರಿಯಲ್ಲಿ ದಿನವೂ ಒಂದೇ ಹೊತ್ತಿಗೆ ನಡೆಯಿರಿ. ಬಳಿಕ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಡೆಯಿರಿ. ಆಮೇಲೆ ಕಾಫಿ ಗಿಡದ ಮರೆಯಲ್ಲಿ ಒಂದು ಮೊಣೆಯನ್ನಿಟ್ಟು, ಮರಕ್ಕೆ ಓರೆಯಾಗಿ, ಬೇರೆಡೆಗೆ ಮುಖ ಮಾಡಿ ಕುಳಿತುಕೊಳ್ಳಿ. ಹಕ್ಕಿ ತಲೆಯನ್ನು ಮೇಲೆ ಕೆಳಗೆ ಕುಣಿಸಿ ನೋಡುತ್ತಿದ್ದರೆ ಅದು ನಿಮ್ಮ ದೂರವನ್ನು ಅಳೆಯುತ್ತಿದೆ ಎಂದರ್ಥ. ಗೂಬೆಯ ಕಣ್ಣುಗುಡ್ಡೆಗಳು ನಮ್ಮವುಗಳಂತೆ ತಿರುಗುವುದಿಲ್ಲ, ಹಾಗಾಗಿ ತಲೆಯನ್ನೇ ಆಡಿಸಬೇಕಾಗುತ್ತದೆ. ಅದರ ಕುತ್ತಿಗೆಯಲ್ಲಿ ನಮ್ಮ 7 ಮೂಳೆಗಳ ಬದಲು 14 ಮೂಳೆಗಳಿವೆ, ತಲೆಯನ್ನು 270 ಡಿಗ್ರಿಯವರೆಗೆ ತಿರುಗಿಸಬಲ್ಲದು. ಆದರೆ ಅದು ಮೈಯನ್ನು ಸಣಕಲಾಗಿ ನೀಟಿಕೊಂಡು, ಕಣ್ಣನ್ನು ಗೀರಿನಷ್ಟು ಕಿರಿದು ಮಾಡಿದರೆ ಅದು ಹೆದರಿದೆ. ಆ ಕ್ಷಣವೇ ಎದ್ದು, ಬಂದ ದಾರಿಯಲ್ಲಿ ಹಿಂದಿರುಗಬೇಕು. ಮರುದಿನ ಐದಾರು ಹೆಜ್ಜೆ ಹಿಂದೆ ಕುಳಿತುಕೊಳ್ಳಬೇಕು. ಎಷ್ಟು ಹತ್ತಿರ ಎಂಬುದನ್ನು ಗೂಬೆ ತೀರ್ಮಾನಿಸಬೇಕು, ಲೆನ್ಸ್ ಅಲ್ಲ.

ಕಪ್ಪು ಮುದ್ದೆಯ ದೋಷ ಸುಲಭವಾಗಿ ಸರಿಹೋಗುತ್ತದೆ. ಎಲೆಗಳ ಸಂದಿಯಿಂದ ಆಕಾಶ ಬೆಳ್ಳಗೆ ಕಾಣುತ್ತಿರುವಾಗ ಕ್ಯಾಮೆರಾ ಆ ಬಿಳುಪಿಗೆ ಹೊಂದಿಕೊಂಡು ಹಕ್ಕಿಯನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೆಳಗಿಸುವ ಅಥವಾ ಮಂದಗೊಳಿಸುವ ಹೊಂದಿಕೆ) ಅನ್ನು +1ರಿಂದ +1.7ರವರೆಗೆ ಏರಿಸಿ, ಅಥವಾ ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿ ಹಕ್ಕಿಯ ಎದೆಯ ಮೇಲೆ ಅಳತೆ ತೆಗೆದುಕೊಳ್ಳಿ. ಅದಕ್ಕಿಂತಲೂ ಒಳ್ಳೆಯದೆಂದರೆ ಹಿಂದೆ ಆಕಾಶದ ಬದಲು ಮರದ ಕಾಂಡವೋ ಏರಿನ ಮೇಲಿನ ಕಾಫಿ ಗಿಡಗಳೋ ಬರುವಂತೆ ನೀವು ಕೂರುವ ಜಾಗವನ್ನು ಬದಲಾಯಿಸುವುದು. ಕೊಡಗಿನ ತೋಟಗಳು ಇಳಿಜಾರಿನಲ್ಲಿರುವುದರಿಂದ ಮೇಲಿನ ಏರಿಯಲ್ಲಿ ಕುಳಿತರೆ ಪೊಟರೆ ಕಣ್ಣಿನ ಮಟ್ಟಕ್ಕೇ ಬರುವ ಸಾಧ್ಯತೆ ಇದೆ. ಬಯಲುಸೀಮೆಯವರಿಗೆ ಈ ಭಾಗ್ಯವಿಲ್ಲ. ನೆರಳಿನಲ್ಲಿ ಬೆಳಕು ಕಡಿಮೆಯಾದ್ದರಿಂದ 400 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯುವಾಗ ಬೇಕಾಗುವ 1/400 ಸೆಕೆಂಡಿನ ಶಟರ್ ವೇಗ ಸಿಗುವುದು ಕಷ್ಟ. ಟ್ರೈಪಾಡ್ ಬಳಸಿ. ಗೂಬೆ ನಿಮಿಷಗಟ್ಟಲೆ ಕದಲದೆ ಕೂರುವ ಹಕ್ಕಿಯಾದ್ದರಿಂದ 1/60 ಸೆಕೆಂಡಿನಲ್ಲಿಯೂ ಗರಿಗರಿ ಎಣಿಸುವಂಥ ಚಿತ್ರ ಬರುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಬಟ್ಟೆಯ ಚೀಲಕ್ಕೆ ಒಣಗಿದ ಕಾಫಿ ತುಂಬಿ ಹೊಲಿದು, ಅದನ್ನು ಗೋಡೆಯ ಮೇಲೋ ಜೀಪಿನ ಕಿಟಕಿಯ ಮೇಲೋ ಇಟ್ಟು ಲೆನ್ಸನ್ನು ಒರಗಿಸಬಹುದು. ನನ್ನ ಹಳೆಯ ಚೀಲ ಇಂದಿಗೂ ಅಂಥದ್ದೇ.

ಕಾಲದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಗೂಬೆಯ ಛಾಯಾಗ್ರಹಣದ ವರ್ಷ ಆರಂಭವಾಗುವುದು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಬಳಿಕ, ಮಳೆ ಹಿಂದೆ ಸರಿದಾಗ. ಸುಗ್ಗಿಯ ಹಬ್ಬವಾದ ಹುತ್ತರಿ ಮುಗಿದು ಗದ್ದೆಗಳ ಕೊಯ್ಲಾದಾಗ ಇಲಿಗಳಿಗೆ ಅಡಗಲು ಪೈರಿರುವುದಿಲ್ಲ, ಆಗ ಸಂಜೆಯ ಹೊತ್ತು ಗದ್ದೆಯ ಬದುವಿನ ಕಂಬಗಳ ಮೇಲೆ, ಹುಲ್ಲಿನ ಮೆದೆಯ ತುದಿಯಲ್ಲಿ ಗೂಬೆಗಳು ಬಂದು ಕೂರುತ್ತವೆ. ಡಿಸೆಂಬರಿನ ಮಂಜು ಮುಂಜಾನೆಯ ಬೆಳಕನ್ನು ಮೆತ್ತಗೆ ಮಾಡುವುದರಿಂದ ಗಟ್ಟಿ ನೆರಳುಗಳ ಕಾಟವಿಲ್ಲ. ಜನವರಿಯ ನಂತರ ಹಾಲುವಾಣದಂಥ ಮರಗಳು ಎಲೆ ಉದುರಿಸುವುದರಿಂದ ವರ್ಷವಿಡೀ ಮರೆಯಲ್ಲಿದ್ದ ಕೊಂಬೆಗಳು ತೆರೆದುಕೊಳ್ಳುತ್ತವೆ, ಗೂಬೆಗಳು ಜೋಡಿಯಾಗಿ ಪಕ್ಕಪಕ್ಕದಲ್ಲಿ ಕುಳಿತು ಒಂದು ಇನ್ನೊಂದರ ಕತ್ತಿನ ಗರಿ ಕೆದರುವುದನ್ನು ನೋಡಬಹುದು. ಹೂಮಳೆ ಬಿದ್ದ ಬಳಿಕ ಕಾಫಿ ಹೂವು ತೋಟವನ್ನು ಬೆಳ್ಳಗೆ ಮಾಡುವ ಮೂರು ನಾಲ್ಕು ದಿನಗಳಲ್ಲಿ, ಕೆಳಗಿನ ಕೊಂಬೆಗೆ ಇಳಿದ ಕಾಡು ಹಾಲಕ್ಕಿಯ ಹಿಂದೆ ಆ ಬಿಳುಪು ಹರಡಿರುವ ಒಂದೇ ಒಂದು ಚಿತ್ರಕ್ಕಾಗಿ ನಾನು ಆರು ವರ್ಷ ಕಾದಿದ್ದೇನೆ. ಸಿಕ್ಕಿದ್ದು ಏಳನೆಯ ವರ್ಷ.

ಮಾರ್ಚಿನಿಂದ ಮೇ ತಿಂಗಳವರೆಗೆ ಕಾಡು ಹಾಲಕ್ಕಿಯ ಮೊಟ್ಟೆ, ಮರಿಗಳ ಕಾಲ. ಈ ಅವಧಿಯಲ್ಲಿ ಪೊಟರೆಯ ಮುಂದೆ ಕೂರಬೇಡಿ, ಮನೆಯಂಗಳದಿಂದಲೇ ನೋಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹತ್ತಿಪ್ಪತ್ತು ವರ್ಷಗಳ ಹಿಂದೆ, ನಮ್ಮ ತೋಟದ ಅತ್ತಿಮರದ ಪೊಟರೆಯ ಬಾಯಿಗೆ ಅಡ್ಡವಾಗಿ ಮೆಣಸಿನ ಬಳ್ಳಿಯೊಂದು ಇಳಿಬಿದ್ದಿತ್ತು. ಚಿತ್ರಕ್ಕೆ ಅಡ್ಡಿಯಾಗುತ್ತದೆಂದು ಅದನ್ನು ಕತ್ತರಿಸಿದೆ. ಮೂರನೆಯ ದಿನ ಕಾಗೆಗಳು ಆ ಬಾಯಿಯನ್ನು ಕಂಡುಕೊಂಡವು. ಗೂಬೆಗಳು ಆ ಪೊಟರೆಯನ್ನು ಬಿಟ್ಟು ಹೋದವು, ಮರುವರ್ಷವೂ ಬರಲಿಲ್ಲ. ಆ ಬಳ್ಳಿ ಚಿತ್ರಕ್ಕೆ ಅಡ್ಡಿಯಾಗಿರಲಿಲ್ಲ, ಗೂಡಿಗೆ ಬಾಗಿಲಾಗಿತ್ತು. ಈಗಲೂ ಆ ಮರದ ಕೆಳಗೆ ಹೋಗುವಾಗ ನನಗೆ ಅದು ನೆನಪಾಗುತ್ತದೆ.

ಮೇ ತಿಂಗಳ ಸಂಜೆ ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಹುಳುಗಳು ನೆಲದಿಂದ ಏಳುವಾಗ ಗೂಬೆಗಳು ಮರಿಗಳೊಂದಿಗೆ ಅಂಗಳಕ್ಕೇ ಬಂದು ಹಿಡಿದು ತಿನ್ನುತ್ತವೆ. ಜಗಲಿಯಲ್ಲಿ ಕುಳಿತೇ ತೆಗೆಯಬಹುದಾದ ಚಿತ್ರ ಅದು. ಒಂದು ಕೋರಿಕೆಯೂ ಇದೆ: ಮಳೆಗೆ ಮೊದಲು ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಆ ಹಲಸಿನ ಮರವನ್ನೂ ಅದರ ಸುತ್ತಲಿನ ಒಂದೆರಡು ಮರಗಳನ್ನೂ ಮರಿಗಳು ಹಾರುವವರೆಗೆ ಬಿಟ್ಟುಬಿಡಿ. ಗೂಬೆಗಳು ಪೊಟರೆಯನ್ನು ತಾವೇ ಕೊರೆಯಲಾರವು. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟದ್ದನ್ನು, ಇಲ್ಲವೇ ಹಳೆಯ ಕೊಂಬೆ ಮುರಿದು ಕೊಳೆತು ಆದದ್ದನ್ನು ನಂಬಿ ಬದುಕುತ್ತವೆ. ನೆಟ್ಟಗೆ ಬೆಳೆಯುವ ಸಿಲ್ವರ್ ಓಕ್‌ನಲ್ಲಿ ಅಂಥ ಪೊಟರೆಗಳು ಸಿಗುವುದು ಅಪರೂಪ. ಹಲಸು, ಅತ್ತಿ, ನಂದಿ, ಮತ್ತಿ ಮರಗಳು ಉಳಿದಿರುವ ತೋಟದಲ್ಲಿ ಮಾತ್ರ ಈ ಅಂಕಣಕ್ಕೆ ಅರ್ಥವಿದೆ.

ಪ್ರಶ್ನೆ: ರಾತ್ರಿ ಫ್ಲ್ಯಾಷ್ ಬಳಸಿದರೆ ಗೂಬೆಗೆ ಕಣ್ಣು ಹೋಗುತ್ತದೆಯೇ? ಟಾರ್ಚ್ ಬಳಸಬಹುದೇ?
– ವಾಹನ ಚಾಲಕರು, ಗೋಣಿಕೊಪ್ಪಲು

ಉತ್ತರ: ಒಂದು ಫ್ಲ್ಯಾಷಿನಿಂದ ಕಣ್ಣು ಶಾಶ್ವತವಾಗಿ ಹೋಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಗೂಬೆಯ ಅಕ್ಷಿಪಟಲ ಮಂದ ಬೆಳಕನ್ನು ಹಿಡಿಯುವ ಕೋಶಗಳಿಂದ ತುಂಬಿದೆ. ಕತ್ತಲಿಗೆ ಹೊಂದಿಕೊಂಡಿರುವ ಅಂಥ ಕಣ್ಣಿನ ಮೇಲೆ ಹಠಾತ್ತನೆ ಬೆಳಕು ಸುರಿದರೆ ಹಕ್ಕಿಗೆ ಸ್ವಲ್ಪ ಹೊತ್ತು ಕಣ್ಣು ಕಾಣದಂತಾಗುತ್ತದೆ. ಆ ಹೊತ್ತಿನಲ್ಲಿ ಅದು ಹಾರಿದರೆ ಕೊಂಬೆಗೋ ತಂತಿಗೋ ಬಡಿಯಬಹುದು, ಬೇಟೆಯಂತೂ ತಪ್ಪಿಹೋಗುತ್ತದೆ. ಚಿತ್ರವೂ ಚೆನ್ನಾಗಿ ಬರುವುದಿಲ್ಲ, ಕಣ್ಣುಗಳು ಕೆಂಡದಂತೆ ಹೊಳೆದು ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ. ನನ್ನ ಸಲಹೆ ಬೇರೆ: ಸೂರ್ಯ ಮುಳುಗಿದ ಬಳಿಕದ 20 ನಿಮಿಷಗಳಲ್ಲಿ ಆಕಾಶ ನೀಲಿಯಾಗಿರುವಾಗಲೇ ಕೆಲಸ ಮುಗಿಸಿ, ಅಥವಾ ಮನೆಯ ಹೊರಗೆ ದಿನವೂ ಉರಿಯುವ ದೀಪಕ್ಕೆ ಹುಳು ಹಿಡಿಯಲು ಬರುವ ಗೂಬೆಯನ್ನು ಅದೇ ದೀಪದ ಬೆಳಕಿನಲ್ಲಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ 3200 ಅಥವಾ 6400 ಇಟ್ಟು ತೆಗೆಯಿರಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಆ ಚಿತ್ರ ನಿಜವಾದ ರಾತ್ರಿಯದ್ದು. ನಾಗರಹೊಳೆಯಲ್ಲಾಗಲಿ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳಲ್ಲಾಗಲಿ ಅನುಮತಿಯಿಲ್ಲದೆ ರಾತ್ರಿ ಬೆಳಕು ಹಾಯಿಸುತ್ತಾ ತಿರುಗುವುದು ಅಪರಾಧ. ನೀವು ಚಾಲಕರಾದ್ದರಿಂದ ಇನ್ನೊಂದು ಮಾತು: ರಾತ್ರಿ ರಸ್ತೆಯ ಮೇಲೆ ಇಲಿ ಹಿಡಿಯಲು ಇಳಿಯುವ ಗೂಬೆಗಳು ವಾಹನದ ದೀಪಕ್ಕೆ ಕಂಗೆಟ್ಟು ಅಲ್ಲೇ ಉಳಿದುಬಿಡುತ್ತವೆ. ವೇಗ ತಗ್ಗಿಸಿ, ಹೈಬೀಮ್ ಇಳಿಸಿ.

ಪ್ರಶ್ನೆ: ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಬಿಳಿಯ ಮುಖದ ಗೂಬೆಗಳು ಸೇರಿಕೊಂಡಿವೆ. ನನಗೆ ಅವುಗಳ ಚಿತ್ರ ತೆಗೆಯುವ ಆಸೆ. ಆದರೆ ಮನೆಯಲ್ಲಿ ಗೂಬೆ ಕೂಗಿದರೆ ಕೇಡು ಎಂದು ಅತ್ತೆಯವರು ಕಿಂಡಿ ಮುಚ್ಚಿಸಲು ಹೇಳುತ್ತಿದ್ದಾರೆ. ಅವರ ಮನಸ್ಸನ್ನು ನೋಯಿಸಲು ಇಷ್ಟವಿಲ್ಲ.
– ಗೃಹಿಣಿ, ನಾಪೋಕ್ಲು

ಉತ್ತರ: ಹೃದಯದ ಆಕಾರದ ಬಿಳಿಯ ಮುಖವಿದ್ದರೆ ಅದು ಕಣಜ ಗೂಬೆ. ಭತ್ತ ತುಂಬಿದ ಕಣಜ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಈ ಗೂಬೆ, ಅದಕ್ಕೇ ಆ ಹೆಸರು. ಅತ್ತೆಯವರ ಭಯವನ್ನು ಹಗುರವಾಗಿ ಕಾಣಬೇಡಿ. ಈ ಗೂಬೆ ಬೇರೆ ಗೂಬೆಗಳಂತೆ ಗುಮ್ಮೆನ್ನುವುದಿಲ್ಲ, ಬಟ್ಟೆ ಹರಿದಂತೆ ಕಿರುಚುತ್ತದೆ, ಮರಿಗಳು ಬುಸುಗುಟ್ಟುತ್ತವೆ. ನಡುರಾತ್ರಿ ತಲೆಯ ಮೇಲಿನ ಹಲಗೆಯಿಂದ ಆ ಸದ್ದು ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ನಮ್ಮ ಭಾಷೆಯೂ ಈ ಹಕ್ಕಿಗೆ ಒಳ್ಳೆಯದನ್ನು ಮಾಡಿಲ್ಲ, ಮಾಡದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು ಗೂಬೆ ಕೂರಿಸುವುದು ಎನ್ನುತ್ತೇವೆ. ಆದರೆ ಅದೇ ಕನ್ನಡ ನಾಡಿನಲ್ಲಿ ಬುಡಬುಡಿಕೆಯವರು ಮುಂಜಾನೆ ಮನೆಯ ಮುಂದೆ ನಿಂತು, ಹಾಲಕ್ಕಿ ಶುಭ ಶಕುನ ನುಡಿಯುತ್ತಿದೆ ಎಂದು ಹೇಳಿದಾಗ ಮೊರದ ತುಂಬ ಅಕ್ಕಿ ಹಾಕುತ್ತಿದ್ದ ಹಿರಿಯರೂ ನಮ್ಮವರೇ. ಬಂಗಾಳದಲ್ಲಿ ಬಿಳಿಯ ಗೂಬೆ ಲಕ್ಷ್ಮಿಯ ವಾಹನ. ಈ ಮಾತುಗಳನ್ನು ಅವರ ಬಳಿ ವಾದಕ್ಕೆಂದಲ್ಲ, ಮಾತಿಗೆಂದು ಹೇಳಿ ನೋಡಿ.

ಇನ್ನೊಂದು ಕೆಲಸ ಮಾಡಿ. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಅರಗದ ರೋಮ ಮತ್ತು ಮೂಳೆಗಳನ್ನು ಹೆಬ್ಬೆರಳಿನ ಗಾತ್ರದ ಉಂಡೆಯಾಗಿ ಬಾಯಿಯಿಂದ ಹೊರಹಾಕುತ್ತದೆ. ಅಟ್ಟದ ಕೆಳಗೆ ಅಂಥ ಕಪ್ಪು ಉಂಡೆಗಳು ಬಿದ್ದಿರುತ್ತವೆ. ನಾಲ್ಕೈದನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆಯ ಪತ್ರಿಕೆಯ ಮೇಲೆ ಕಡ್ಡಿಯಿಂದ ಬಿಡಿಸಿದರೆ ಇಲಿ, ಮೂಗಿಲಿಗಳ ತಲೆಬುರುಡೆಗಳು, ದವಡೆಗಳು ಸಿಗುತ್ತವೆ. ಅತ್ತೆಯವರ ಮುಂದೆಯೇ ಬಿಡಿಸಿ ಎಣಿಸಿ. ಭತ್ತ ಕಾಯ್ದ ಕೈಗಳಿಗೆ ಆ ಲೆಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಇಲಿಗೆ ಬ್ರೊಮಾಡಯೊಲೋನ್‌ನಂಥ ವಿಷ ಇಡುತ್ತಿದ್ದರೆ ಅದನ್ನು ನಿಲ್ಲಿಸಿ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಕೆಲವು ದಿನಗಳಲ್ಲಿ ಕೊಲ್ಲುತ್ತದೆ, ಆ ನಡುವೆ ತೂಕಡಿಸುತ್ತಾ ಓಡಾಡುವ ಇಲಿಯನ್ನು ತಿಂದ ಗೂಬೆಯೂ ಸಾಯುತ್ತದೆ. ಕಿಂಡಿಯನ್ನು ಮುಚ್ಚಲೇಬೇಕೆಂದಾದರೆ, ಮರಿಗಳೆಲ್ಲ ಹಾರಿಹೋದದ್ದನ್ನು ಖಚಿತಪಡಿಸಿಕೊಂಡು, ಹೊರಗೆ ಕೊಟ್ಟಿಗೆಯ ಮಾಡಿನ ಕೆಳಗೆ ಒಂದು ಮರದ ಪೆಟ್ಟಿಗೆಯನ್ನು ಕಟ್ಟಿದ ಮೇಲೆ ಮುಚ್ಚಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಚಿತ್ರದ ಬಗ್ಗೆ: ಅಟ್ಟಕ್ಕೆ ಹತ್ತಬೇಡಿ. ಮುಸ್ಸಂಜೆ ಅವು ಕಿಂಡಿಯಿಂದ ಹೊರಬಂದು ಸ್ವಲ್ಪ ಹೊತ್ತು ಮಾಡಿನ ಅಂಚಿನಲ್ಲಿ ಕೂರುವ ಹೊತ್ತಿಗೆ ಅಂಗಳದಲ್ಲಿ ಕಾದಿರಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಹಕ್ಕಿಯಾದ್ದರಿಂದ ಸುಂಟಿಕೊಪ್ಪದವರಿಗೆ ಹೇಳಿದ್ದಕ್ಕೆ ವಿರುದ್ಧವಾಗಿ ಎಕ್ಸ್‌ಪೋಷರನ್ನು –1ರವರೆಗೆ ತಗ್ಗಿಸಬೇಕು, ಇಲ್ಲದಿದ್ದರೆ ಮುಖದ ಗರಿಗಳೆಲ್ಲ ಬೆಳಕಿನಲ್ಲಿ ಅಳಿಸಿಹೋಗುತ್ತವೆ. ಮೊದಲ ಒಳ್ಳೆಯ ಚಿತ್ರವನ್ನು ಅಚ್ಚು ಹಾಕಿಸಿ ಅತ್ತೆಯವರ ಕೈಗೆ ಕೊಡಿ.

ಪ್ರಶ್ನೆ: ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ಕಾಲ) ಇಲ್ಲಿ ಗೋಡೆಯೇ ಬೆವರುತ್ತದೆ. ಕಳೆದ ವರ್ಷ ನನ್ನ ಲೆನ್ಸಿನೊಳಗೆ ಬೂಷ್ಟು ಬಂತು. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡಬಹುದೇ? ಮಳೆಗಾಲದಲ್ಲಿ ಗೂಬೆಯ ಚಿತ್ರ ಸಾಧ್ಯವೇ?
– ಅಂಚೆ ನೌಕರರು, ಭಾಗಮಂಡಲ

ಉತ್ತರ: ಒಲೆಯ ಅಟ್ಟ ಬೇಡ. ಅಲ್ಲಿನ ಹೊಗೆಯ ಜಿಡ್ಡು ಗಾಜಿಗೆ ಅಂಟುತ್ತದೆ, ಬಿಸಿಗೆ ಲೆನ್ಸಿನೊಳಗಿನ ಎಣ್ಣೆ ಕರಗಿ ಹರಿಯಬಹುದು. ಅಕ್ಕಿಯ ಡಬ್ಬದಲ್ಲಿ ಹುಗಿಯುವುದೂ ಬೇಡ, ನಮ್ಮ ಮಳೆಗಾಲದಲ್ಲಿ ಅಕ್ಕಿಯೇ ತೇವ ಹೀರಿ ಮುಗ್ಗಿರುತ್ತದೆ, ಅದರ ಹುಡಿ ಬೇರೆ ಒಳಸೇರುತ್ತದೆ. ಚರ್ಮದ ಚೀಲದಲ್ಲಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬವೊಂದು, ಕಾಲು ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತಾ ಮಾಪಕ ಸಾಕು. ಮಾಪಕ ಶೇ 40ರಿಂದ 50ರ ನಡುವೆ ತೋರಿಸುವಂತೆ ನೋಡಿಕೊಳ್ಳಿ. ತೀರಾ ಒಣಗಿಸಿದರೆ ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ. ನೀಲಿ ಸಿಲಿಕಾ ತೇವ ಹೀರಿ ನಸುಗೆಂಪಾದಾಗ ಅದನ್ನು ಅಗಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ, ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು. ಬೂಷ್ಟು ಬಂದ ಲೆನ್ಸನ್ನು ಬೇರೆ ಲೆನ್ಸುಗಳ ಜೊತೆ ಇಡದೆ ರಿಪೇರಿಯವರಲ್ಲಿ ಬಿಚ್ಚಿಸಿ ಒರೆಸಿಸಿ. ಬೇಗ ಒಯ್ದರೆ ಗಾಜಿನ ಲೇಪ ಉಳಿಯುತ್ತದೆ. ಮುಖ್ಯವಾಗಿ, ಕ್ಯಾಮೆರಾವನ್ನು ಜೂನಿನಲ್ಲಿ ಕಟ್ಟಿಟ್ಟು ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿಯ ಜೊತೆ ಹೊರತೆಗೆಯುವ ಅಭ್ಯಾಸ ಬಿಡಿ. ವಾರಕ್ಕೊಮ್ಮೆಯಾದರೂ ತೆಗೆದು ಬಳಸಿ.

ಬಳಸಲು ಕಾರಣವೂ ಇದೆ. ನೀರಿನಲ್ಲಿ ಮೀಯುವ ಹಕ್ಕಿಗಳಂತೆ ಗೂಬೆಯ ಗರಿಗಳು ನೀರನ್ನು ತಡೆಯುವುದಿಲ್ಲ. ಸದ್ದಿಲ್ಲದೆ ಹಾರುವುದಕ್ಕೆಂದೇ ಮೃದುವಾಗಿರುವ ಆ ಗರಿಗಳು ಬೇಗ ನೆನೆಯುತ್ತವೆ. ಜಡಿಮಳೆಯಲ್ಲಿ ಎಲೆಗಳ ಸದ್ದಿನ ನಡುವೆ ಇಲಿಯ ಸರಸರವೂ ಕೇಳಿಸುವುದಿಲ್ಲ. ಹೀಗೆ ಹಸಿದು, ನೆನೆದು ಕುಳಿತ ಗೂಬೆ ಮಳೆ ಬಿಟ್ಟು ಎಳೆ ಬಿಸಿಲು ಬಂದ ಹತ್ತು ನಿಮಿಷಗಳಲ್ಲಿ ತೆರೆದ ಕೊಂಬೆಗೆ ಬಂದು ರೆಕ್ಕೆ ಬಿಡಿಸಿ ಮೈ ಒಣಗಿಸಿಕೊಳ್ಳುತ್ತದೆ. ಇಂಥ ಚಿತ್ರ ಬೇಸಗೆಯಲ್ಲಿ ಸಿಗುವುದಿಲ್ಲ. ಆದರೆ ಅದನ್ನು ಕಿಟಕಿಯಿಂದಲೋ ಜಗಲಿಯಿಂದಲೋ ಮಾತ್ರ ತೆಗೆಯಿರಿ. ಆ ಹೊತ್ತಿನಲ್ಲಿ ಅದನ್ನು ಒಮ್ಮೆ ಎಬ್ಬಿಸಿದರೂ ಅದರ ಆ ದಿನದ ಬಿಸಿಲನ್ನು ನಾವು ಕಿತ್ತುಕೊಂಡಂತೆ.

ಪ್ರಶ್ನೆ: ನಮ್ಮ ಹಾಸ್ಟೆಲಿನ ಹಿಂದೆ ಗೂಬೆ ಮರಿಯೊಂದು ನೆಲದ ಮೇಲೆ ಸಿಕ್ಕಿತು. ಗೆಳತಿಯರು ಅದನ್ನು ಗೋಡೆಯ ಮೇಲೆ ಕೂರಿಸಿ ಚಿತ್ರ ತೆಗೆದು, ಜಾಗದ ಹೆಸರಿನೊಂದಿಗೆ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು. ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವಂತೆ, ನಿಜವೇ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ನಿಜವಲ್ಲ. ಮನುಷ್ಯರು ಮುಟ್ಟಿದರೆಂದು ಹಕ್ಕಿಗಳು ಮರಿಯನ್ನು ತೊರೆಯುವುದಿಲ್ಲ. ಗೂಬೆ ಮರಿಗಳು ಪೂರ್ತಿ ಹಾರಲು ಕಲಿಯುವ ಮೊದಲೇ ಪೊಟರೆಯಿಂದ ಹೊರಬಂದು ಕೊಂಬೆಗಳಲ್ಲಿ ಅಡ್ಡಾಡುತ್ತವೆ, ಕೆಲವು ಕೆಳಗೆ ಬೀಳುತ್ತವೆ, ಉಗುರು ಮತ್ತು ಕೊಕ್ಕಿನಿಂದ ಕಾಂಡವನ್ನು ಹಿಡಿದು ಮತ್ತೆ ಹತ್ತುತ್ತವೆ. ಗರಿ ಬಂದ ಮರಿಯಾದರೆ ನಾಯಿ, ಬೆಕ್ಕುಗಳಿಗೆ ಎಟುಕದ ಕೊಂಬೆಯ ಮೇಲೆ ಕೂರಿಸಿ ದೂರ ಹೋದರಾಯಿತು. ಬರಿಯ ತುಪ್ಪಳವಿರುವ ಎಳೆಯ ಮರಿಯಾದರೆ ಅದೇ ಪೊಟರೆಗೆ, ಸಾಧ್ಯವಾಗದಿದ್ದರೆ ಪಕ್ಕದಲ್ಲೇ ಎತ್ತರಕ್ಕೆ ಕಟ್ಟಿದ ಬುಟ್ಟಿಗೆ ಹಾಕಿ ಮುಸ್ಸಂಜೆ ದೂರದಿಂದ ಕಾಯಿರಿ. ಅದರ ಹಸಿವಿನ ಕೂಗಿಗೆ ತಂದೆ ತಾಯಿ ಬರುತ್ತವೆ. ಹಾಲು, ಅನ್ನ, ಬ್ರೆಡ್ಡು ಕೊಡಬೇಡಿ. ಗಾಯವಾಗಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ. ಸಾಕಲು ಇಟ್ಟುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ನನಗೆ ಹೆಚ್ಚು ಕಳವಳವಾದದ್ದು ಜಾಗದ ಹೆಸರು ಹಾಕಿದ್ದಕ್ಕೆ. ಮಾಟ ಮಂತ್ರಕ್ಕೆಂದು ಗೂಬೆಗಳನ್ನು ಹಿಡಿದು ಮಾರುವ ದಂಧೆ ನಮ್ಮ ದೇಶದಲ್ಲಿದೆ. ವನ್ಯಜೀವಿಗಳ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಎಂಬ ಸಂಸ್ಥೆ 2010ರಲ್ಲಿ ಭಾರತದ ಗೂಬೆ ವ್ಯಾಪಾರದ ಬಗ್ಗೆಯೇ ಒಂದು ವರದಿ ಪ್ರಕಟಿಸಿತು. ದೀಪಾವಳಿಯ ಹೊತ್ತಿಗೆ ಈ ಬೇಡಿಕೆ ಏರುತ್ತದೆ. ಗೂಬೆ ವರ್ಷಾನುಗಟ್ಟಲೆ ಒಂದೇ ಮರವನ್ನು ನಂಬಿರುವುದರಿಂದ ನೀವು ಬರೆದ ಒಂದು ಊರಿನ ಹೆಸರು, ಹಿನ್ನೆಲೆಯಲ್ಲಿ ಕಾಣುವ ಒಂದು ಕಟ್ಟಡ, ಫೋನು ತಾನಾಗಿಯೇ ಚಿತ್ರದೊಳಗೆ ಬರೆದಿಡುವ ಸ್ಥಳದ ಗುರುತು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಗೆಳತಿಯರಿಗೆ ಆ ಚಿತ್ರವನ್ನು ಇಂದೇ ತೆಗೆದುಹಾಕಲು ಹೇಳಿ, ಕ್ಯಾಮೆರಾದ ಸ್ಥಳ ನಮೂದನ್ನು ನಿಲ್ಲಿಸಿ. ಜಿಲ್ಲೆಯ ಹೆಸರಿಗಿಂತ ಹೆಚ್ಚಿನದನ್ನು ನಾನು ಎಂದೂ ಬರೆಯುವುದಿಲ್ಲ. ಅವರಿಗೆ ಇದನ್ನೂ ತಿಳಿಸಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವಿವರಣೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಗೂಡಿನಿಂದ ಮರಿಯನ್ನು ತೆಗೆದು ಚಿತ್ರಕ್ಕೆ ಕೂರಿಸುವವರು ಇದನ್ನು ನೆನಪಿಡಬೇಕು.

ಪ್ರಶ್ನೆ: ಹೊಳೆದಡದ ಮರದಲ್ಲಿ ಕಿವಿಯಿರುವ ದೊಡ್ಡ ಗೂಬೆ ಕೂರುತ್ತದೆ. ಯಾವುದು? ಸಂಜೆ ಹೋಗಿ ತೆಗೆಯಬಹುದೇ?
– ಕೃಷಿಕರು, ಸಿದ್ದಾಪುರ

ಉತ್ತರ: ಕಿವಿಯಂತೆ ಕಾಣುವುದು ಗರಿಗಳ ಜುಟ್ಟು, ನಿಜವಾದ ಕಿವಿಗಳು ಮುಖದ ಪಕ್ಕದ ಗರಿಗಳೊಳಗಿವೆ. ಕಣ್ಣು ಹಳದಿಯಾಗಿದ್ದು ಕಾಲುಗಳಲ್ಲಿ ಗರಿಯಿಲ್ಲದೆ ಬರಿದಾಗಿದ್ದರೆ ಮೀನು ಗೂಬೆ. ಮೀನು, ಕಪ್ಪೆ, ಏಡಿಗಳೇ ಅದರ ಆಹಾರ. ಕಣ್ಣು ಕಪ್ಪಾಗಿ ಕಂಡು, ಎದೆ ಹೊಟ್ಟೆಗಳ ಮೇಲೆ ದೊಡ್ಡ ಚುಕ್ಕೆಗಳಿದ್ದು, ಕಾಲಿನ ತುಂಬ ಗರಿಗಳಿದ್ದರೆ ಅದು ಕಾಡಿನ ದೊಡ್ಡ ಗೂಬೆ. ಸಂಜೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಆನೆಗಳು ಹೊಳೆಗೆ ಇಳಿಯುವ ಹೊತ್ತೂ ಅದೇ, ಕಣ್ಣನ್ನು ಕ್ಯಾಮೆರಾಕ್ಕೆ ಕೊಟ್ಟವರಿಗೆ ಹಿಂದಿನ ಸದ್ದು ತಿಳಿಯುವುದಿಲ್ಲ. ಮೀನು ಗೂಬೆ ಹಗಲಿಡೀ ನೀರಿನ ಮೇಲಿನ ಅದೇ ದಪ್ಪ ಕೊಂಬೆಯಲ್ಲಿ ಕೂರುವ ಹಕ್ಕಿ. ಬೆಳಿಗ್ಗೆ ಎಂಟರ ಬಳಿಕ, ಆನೆಗಳು ಎಲ್ಲಿವೆ ಎಂದು ತೋಟದವರನ್ನು ಕೇಳಿ ತಿಳಿದುಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಎದುರು ದಡದಿಂದ ತೆಗೆಯಿರಿ. ಪಿಕಳಾರ, ಕಾಜಾಣಗಳು ಒಂದೆಡೆ ಸೇರಿ ಗಲಾಟೆ ಮಾಡುತ್ತಿದ್ದರೆ ಅವು ಗೂಬೆಯನ್ನು ಕಂಡು ಕಾಡುತ್ತಿರಬಹುದು, ಅಲ್ಲಿಗೆ ದುರ್ಬೀನು ತಿರುಗಿಸಿ.

ಪ್ರಶ್ನೆ: ಜೊತೆಗಿರುವ ಚಿತ್ರ ನೋಡಿ. ದೇವರಕಾಡಿನ ಅಂಚಿನಲ್ಲಿ ಒಣಗಿದ ಎಲೆಗಳ ಮುದ್ದೆಯಂತಿದ್ದ ಈ ಹಕ್ಕಿ ಗೂಬೆಯ ಮರಿಯೇ? ಮೂರು ದಿನವೂ ಅದೇ ಕೊಂಬೆಯಲ್ಲಿ ಕದಲದೆ ಕುಳಿತಿತ್ತು.
– ಶಾಲಾ ಶಿಕ್ಷಕರು, ವಿರಾಜಪೇಟೆ

ಉತ್ತರ: ಗೂಬೆಯಲ್ಲ, ಮರಿಯೂ ಅಲ್ಲ. ಅಗಲವಾದ ಬಾಯಿ, ಅದರ ಬುಡದಲ್ಲಿ ಮೀಸೆ ಗರಿಗಳು, ಆಕಾಶಕ್ಕೆ ಎತ್ತಿದ ಕೊಕ್ಕು, ಇವೆಲ್ಲ ಕಪ್ಪೆಬಾಯಿ ಹಕ್ಕಿಯ ಗುರುತುಗಳು. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇರದ ಹಕ್ಕಿ ಇದು. ಕೆಂಗಂದು ಬಣ್ಣವಿದ್ದರೆ ಹೆಣ್ಣು, ನಿಮ್ಮ ಚಿತ್ರದಲ್ಲಿರುವಂತೆ ಬೂದು ಬಣ್ಣವಿದ್ದರೆ ಗಂಡು. ಹಗಲಿನಲ್ಲಿ ಮೊಟ್ಟೆಗೆ ಕಾವು ಕೊಡುವುದು ಗಂಡೇ, ಅದಕ್ಕೇ ಮೂರು ದಿನವೂ ಕದಲಲಿಲ್ಲ. ಅಡ್ಡಕೊಂಬೆಯ ಮೇಲೆ ಪಾಚಿ ಮತ್ತು ತುಪ್ಪಳದಿಂದ ಮಾಡಿದ ಅಂಗೈಗಿಂತ ಸಣ್ಣ ಗೂಡು, ಅದರಲ್ಲಿ ಒಂದೇ ಒಂದು ಮೊಟ್ಟೆ. ಹಕ್ಕಿ ಎದ್ದರೆ ಆ ಬಿಳಿಯ ಮೊಟ್ಟೆ ಕಾಗೆಯ ಕಣ್ಣಿಗೆ ನೇರವಾಗಿ ಬೀಳುತ್ತದೆ. ಚಿತ್ರ ಚೆನ್ನಾಗಿ ಬಂದಿದೆ, ಆ ಒಂದು ಚಿತ್ರ ಸಾಕು. ಏಪ್ರಿಲ್ ಮುಗಿಯುವವರೆಗೆ ಆ ಕೊಂಬೆಯ ಬಳಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಜೂನಿನ ಮಳೆಗೆ ಮೊದಲು ಅವರನ್ನು ಕರೆದುಕೊಂಡು ಹೋಗಿ ಆ ಬರಿದಾದ ಕೊಂಬೆಯನ್ನು ತೋರಿಸಿ, ಇದೇ ಚಿತ್ರವನ್ನು ಕೈಯಲ್ಲಿ ಹಿಡಿದು.